ಕೆಲಸ ಬಿಟ್ಟವನಿಗೂ ಕೇಕ್

ಹೋದ ತಿಂಗಳು ಇಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನಮ್ಮ ಟೀಮಿನ ಒಬ್ಬ ಕೆಲಸ ಬಿಟ್ಟ. ಹೊರಟಿದ್ದು ನೇರ ಎದುರಾಳಿ ಕಂಪನಿಗೆ. ಅದೂ ನಾವು ಮಾಡುತ್ತಿರುವಂಥದ್ದೇ ಚಿಪ್ ಮಾಡುವುದಕ್ಕೆ. ಎರಡು ವಾರ ಮುಂಚೆ ಹೇಳಿದ, ಅಷ್ಟೇ. ಕೊನೆಯ ದಿನ ಮ್ಯಾನೇಜರಮ್ಮ ತಾನೇ ಹೋಗಿ ಕೇಕ್ ತಂದಳು. ಅಲ್ಲಿ ಚೆನ್ನಾಗಿದ್ದರೆ ನನಗೂ ಒಂದು ಮಾತು ಹೇಳು ಅಂತ ತಮಾಷೆ ಮಾಡಿದಳು. ಎಲ್ಲರೂ ನಕ್ಕು, ಪೇಪರ್ ಪ್ಲೇಟಿನಲ್ಲಿ ಕೇಕ್ ತಿಂದು ಸೀಟಿಗೆ ಹೋದರು.

ಅದೇ ವಾರ ಬೆಂಗಳೂರಿನಿಂದ ಚಿಕ್ಕಮ್ಮನ ಮಗನ ಫೋನು. ಅವನೂ ಕೆಲಸ ಬಿಟ್ಟಿದ್ದ. ತೊಂಬತ್ತು ದಿನದ ನೋಟಿಸ್ ಪೀರಿಯಡ್ ಪೂರ್ತಿ ಮುಗಿಸಿದ್ದ. "ಅಣ್ಣಾ, ರಿಲೀವಿಂಗ್ ಲೆಟರ್ ಕೊಡ್ತಾನೇ ಇಲ್ಲ. ಎಚ್‌ಆರ್‌ಗೆ ಮೇಲ್ ಹಾಕಿ ಹಾಕಿ ಸಾಕಾಯ್ತು. ಆ ಲೆಟರ್ ಇಲ್ದೆ ಹೊಸ ಕಂಪನಿಯವರು ಸೇರಿಸ್ಕೊಳಲ್ವಂತೆ." ಮ್ಯಾನೇಜರ್ ಅಂತೂ ಕೊನೆಯ ತಿಂಗಳು ಮುಖ ಕೊಟ್ಟೇ ಮಾತಾಡಲಿಲ್ಲವಂತೆ.

ಸಿಲಿಕಾನ್ ವ್ಯಾಲಿ ಇಲ್ಲೇ ಯಾಕಾಯ್ತು ಅಂತ ಕೇಳಿದರೆ ಜನ ಹತ್ತು ಕಾರಣ ಹೇಳುತ್ತಾರೆ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ, ಸೈನ್ಯದ ದುಡ್ಡು, ಹೊಸ ಕಂಪನಿಗಳಿಗೆ ದುಡ್ಡು ಹಾಕುವ ವೆಂಚರ್ ಕ್ಯಾಪಿಟಲ್, ಹವಾ. ಹವಾ ಬಿಡಿ, ಅದರಲ್ಲಿ ನಮ್ಮ ಬೆಂಗಳೂರೇನು ಕಮ್ಮಿ ಇರಲಿಲ್ಲ. ನನ್ನನ್ನು ಕೇಳಿದರೆ ದೊಡ್ಡ ಕಾರಣ ಒಂದೇ. ಬಿಟ್ಟು ಹೋಗುವವನ ಮೇಲೆ ಇಲ್ಲಿ ಯಾರೂ ಹಲ್ಲು ಮಸೆಯುವುದಿಲ್ಲ.

ಇಲ್ಲಿಂದ ಸ್ವಲ್ಪ ದೂರದಲ್ಲಿ ಮೌಂಟನ್ ವ್ಯೂನ ಸ್ಯಾನ್ ಆಂಟೋನಿಯೋ ರಸ್ತೆ ಇದೆ. 1956ರಲ್ಲಿ ಅಲ್ಲಿನ 391ನೇ ನಂಬರಿನಲ್ಲಿ ವಿಲಿಯಂ ಶಾಕ್ಲಿ ಲ್ಯಾಬ್ ತೆರೆದ. ಚಿಪ್‌ಗಳ ಮೂಲವಾದ ಟ್ರಾನ್ಸಿಸ್ಟರ್‌ಗಾಗಿ ನೊಬೆಲ್ ಪಡೆದ ಮೂವರಲ್ಲಿ ಒಬ್ಬ. ಈ ಕಡೆಗೇ ಬರಲು ಒಂದು ಕಾರಣ, ಅವನ ತಾಯಿ ಪಕ್ಕದ ಪಾಲೋ ಆಲ್ಟೋದಲ್ಲಿದ್ದದ್ದು. ಮಹಾ ಬುದ್ಧಿವಂತ, ಆದರೆ ಅವನ ಕೈಕೆಳಗೆ ಏಗುವುದು ಕಷ್ಟ. ನೌಕರರಿಗೆ ಸುಳ್ಳು ಪತ್ತೆ ಪರೀಕ್ಷೆ ಮಾಡಿಸಲು ಹೊರಟವನು. 1957ರಲ್ಲಿ ಎಂಟು ಜನ ಒಟ್ಟಿಗೆ ಎದ್ದು ಹೋಗಿ, ಹತ್ತಿರದಲ್ಲೇ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಕಂಪನಿ ಶುರು ಮಾಡಿದರು. ಅವರಿಗೆ 'ಎಂಟು ದ್ರೋಹಿಗಳು' ಅಂತಲೇ ಹೆಸರು ಬಿತ್ತು.

ಆ ದ್ರೋಹ ಅಲ್ಲಿಗೇ ನಿಲ್ಲಲಿಲ್ಲ. ಅವರಲ್ಲಿ ನಾಯ್ಸ್ ಮತ್ತು ಮೂರ್ 1968ರಲ್ಲಿ ಫೇರ್‌ಚೈಲ್ಡನ್ನೂ ಬಿಟ್ಟು ಇಂಟೆಲ್ ಕಟ್ಟಿದರು. ಮರುವರ್ಷ ಜೆರ್ರಿ ಸ್ಯಾಂಡರ್ಸ್ ಕೂಡ ಫೇರ್‌ಚೈಲ್ಡಿನಿಂದಲೇ ಬಂದು ಎಎಂಡಿ ಎಂಬ ಚಿಪ್ ಕಂಪನಿ ಹಾಕಿದ. ಎಂಟರಲ್ಲಿ ಇನ್ನೊಬ್ಬ, ಕ್ಲೈನರ್, 1972ರಲ್ಲಿ ಹೊಸ ಕಂಪನಿಗಳಿಗೆ ದುಡ್ಡು ಹಾಕುವ ಸಂಸ್ಥೆಯನ್ನೇ ತೆರೆದ. ಈಗ ಶಾಕ್ಲಿಯ ಲ್ಯಾಬ್ ಇದ್ದ ಜಾಗದ ಫುಟ್‌ಪಾತಿನಲ್ಲಿ ದೊಡ್ಡದೊಂದು ಟ್ರಾನ್ಸಿಸ್ಟರ್ ಶಿಲ್ಪ ನಿಲ್ಲಿಸಿದ್ದಾರೆ. ಬಿಟ್ಟು ಹೋದವರಿಗೆ ಸ್ಮಾರಕ, ನೋಡಿ!

ಇದಕ್ಕೆ ಕಾನೂನಿನ ಬಲವೂ ಇದೆ. ಬಿಟ್ಟ ಮೇಲೆ ಎದುರಾಳಿ ಕಂಪನಿ ಸೇರಬಾರದು ಅಂತ ಬರೆಸಿಕೊಂಡರೆ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಬೆಲೆ ಇಲ್ಲ. 1872ರಿಂದಲೂ ಹೀಗೇ. ಬಾಸ್ಟನ್ ಕಡೆ ಎಂಐಟಿಯಂಥ ಯೂನಿವರ್ಸಿಟಿ ಇತ್ತು, ದೊಡ್ಡ ಕಂಪ್ಯೂಟರ್ ಕಂಪನಿಗಳಿದ್ದವು, ಆದರೆ ಅಂಥ ಕರಾರು ಅಲ್ಲಿ ನಡೆಯುತ್ತಿತ್ತು. ಆ ಊರು ಹಿಂದೆ ಬೀಳಲು ಇದೇ ಕಾರಣ ಅಂತ 1999ರಲ್ಲಿ ರೊನಾಲ್ಡ್ ಗಿಲ್ಸನ್ ಎಂಬ ಕಾನೂನು ಪ್ರೊಫೆಸರ್ ವಾದ ಮಾಡಿದರು. ಒಪ್ಪದವರೂ ಇದ್ದಾರೆ. ನಾನಂತೂ ಒಪ್ಪುತ್ತೇನೆ, ಯಾಕೆಂದರೆ ನಾನು ಬೆಂಗಳೂರಿನ ಫ್ಯಾಕ್ಟರಿಗಳ ಜಾಲಹಳ್ಳಿಯಲ್ಲಿ ಬೆಳೆದವನು.

ನಮ್ಮಪ್ಪ ಎಚ್‌ಎಂಟಿಯವರು. ಸೇರಿದ್ದೂ ಅಲ್ಲೇ, ರಿಟೈರ್ ಆಗಿದ್ದೂ ಅಲ್ಲೇ. 1957ರ ಎರಡೂ ಊರನ್ನು ಅಕ್ಕಪಕ್ಕ ಇಟ್ಟು ನೋಡಿ. ಇಲ್ಲಿ ಇನ್ನೂ ಏಪ್ರಿಕಾಟ್, ಪ್ಲಮ್ ತೋಟಗಳು. ಬೆಂಗಳೂರಿನಲ್ಲಿ 1909ರಿಂದ ಟಾಟಾ ಇನ್‌ಸ್ಟಿಟ್ಯೂಟ್ (ಅಂದರೆ ಐಐಎಸ್‌ಸಿ), 1940ರಿಂದ ಎಚ್‌ಎಎಲ್, 1948ರಿಂದ ಐಟಿಐ, 1953ಕ್ಕೆ ಎಚ್‌ಎಂಟಿ, 1954ಕ್ಕೆ ಬಿಇಎಲ್. ವಿಮಾನ, ಟೆಲಿಫೋನು, ಲೇತು, ರೇಡಿಯೋ, ಎಲ್ಲಾ ಒಂದೇ ಊರಲ್ಲಿ. ಇಷ್ಟೆಲ್ಲಾ ಇದ್ದರೂ ಒಂದು ಫ್ಯಾಕ್ಟರಿಯವರು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಅವರವರ ಬಸ್ಸು, ಅವರವರ ಕ್ವಾರ್ಟರ್ಸು, ಅವರವರ ಕ್ಯಾಂಟೀನು.

ಅಪ್ಪನ ಜೊತೆ ಟೂಲ್ ರೂಮಿನಲ್ಲಿದ್ದ ಒಬ್ಬರು ಕೆಲಸ ಬಿಟ್ಟು ಪೀಣ್ಯದಲ್ಲಿ ಶೆಡ್ ಹಾಕಿದರು. ಎರಡು ಲೇತು, ಒಂದು ಮಿಲ್ಲಿಂಗ್ ಮಷಿನ್ನು, ಕೆಲಸಕ್ಕೆ ಇಬ್ಬರು ಹುಡುಗರು. ಅವತ್ತು ನಮ್ಮ ಮನೆಯಲ್ಲಿ ಸಾವಿನ ಮನೆಯ ಮಾತಿನಂತೆ ಮಾತಾಡಿದ್ದರು. "ಪರ್ಮನೆಂಟ್ ಕೆಲ್ಸ ಯಾರಾದ್ರೂ ಬಿಡ್ತಾರೇನ್ರೀ?" ಅಂತ ಅಮ್ಮ. "ಉಂಡ ಮನೆಗೆ ಎರಡು ಬಗೆದ ಹಾಗಲ್ವಾ" ಅಂತ ಅಪ್ಪ. ಆ ಅಂಕಲ್ ಮಗಳ ಮದುವೆ ಮಾತುಕತೆಯಲ್ಲೂ, ಹುಡುಗಿಯ ಅಪ್ಪ ಯಾಕೆ ಎಚ್‌ಎಂಟಿ ಬಿಟ್ಟರು ಅಂತ ವಿಚಾರಿಸಿದರಂತೆ. ಈ ಮನಸ್ಸು ಇರುವ ಊರಲ್ಲಿ ಇಂಟೆಲ್ ಹುಟ್ಟುವುದು ಹೇಗೆ? ನಮ್ಮ ಚಿಕ್ಕಮ್ಮನ ಮಗನ ಲೆಟರ್ ಹಿಡಿದುಕೊಂಡಿರುವುದೂ ಅದೇ ಮನಸ್ಸು.

ಹಾಗಂತ ಎಲ್ಲಾ ತಪ್ಪನ್ನೂ ನಮ್ಮ ಜನದ ಮೇಲೆ ಹೊರಿಸಿದರೆ ಅಪ್ಪ ಬಿಡುವುದಿಲ್ಲ. "ಬಿಟ್ಟು ಎಲ್ಲಿಗೋ ಹೋಗೋದು? ದೊಡ್ಡ ಫ್ಯಾಕ್ಟರಿ ಹಾಕೋಕೆ ದಿಲ್ಲಿಯಿಂದ ಲೈಸೆನ್ಸ್ ಬೇಕಿತ್ತು, ಮಷಿನ್ ತರಿಸೋಕೆ ಇನ್ನೊಂದು" ಅನ್ನುತ್ತಾರೆ. ನಿಜವೇ. 1991ರ ತನಕ ಅದೇ ಕಥೆ. ಪೀಣ್ಯದ ಆ ಅಂಕಲ್‌ಗೆ ಮೊದಲ ಆರ್ಡರ್ ಕೊಟ್ಟಿದ್ದು ಅವರು ಬಿಟ್ಟುಬಂದ ಫ್ಯಾಕ್ಟರಿಯೇ ಅಂತಲೂ ಅಪ್ಪ ಸೇರಿಸುತ್ತಾರೆ. ಅದನ್ನು ನಾನು ಸುಮ್ನೆ ಕೇಳಿಸಿಕೊಳ್ಳುತ್ತೇನೆ.

ಕಾನೂನಿನ ವಿಷಯ ಇನ್ನೂ ಮಜಾ. ನಮ್ಮ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಕೂಡ, ದುಡಿಯುವುದನ್ನು ತಡೆಯುವ ಕರಾರು ನಡೆಯುವುದಿಲ್ಲ ಅನ್ನುತ್ತದೆ. ಅದೂ 1872ರದ್ದೇ! ಡೇವಿಡ್ ಡಡ್ಲಿ ಫೀಲ್ಡ್ ಎಂಬ ವಕೀಲ ನ್ಯೂಯಾರ್ಕಿಗೆ ಅಂತ ಬರೆದ ಕರಡನ್ನು ನ್ಯೂಯಾರ್ಕೇ ಬೇಡ ಅಂದಿತು. ಕ್ಯಾಲಿಫೋರ್ನಿಯಾ ಎತ್ತಿಕೊಂಡಿತು, ನಮ್ಮ ಸೆಕ್ಷನ್ನೂ ಆ ಕರಡಿನಿಂದಲೇ ಬಂತು. ಹಾಗಾದರೆ ಕಾನೂನಲ್ಲಿ ಇಬ್ಬರೂ ಸಮ. ಸೆಕ್ಷನ್ ತಡೆಯದಿದ್ದುದನ್ನು ನಮ್ಮಲ್ಲಿ ಒಂದು ಲೆಟರ್ ತಡೆಯುತ್ತದೆ.

ಇಷ್ಟಾದರೂ ಬೆಂಗಳೂರು ಬಿಟ್ಟುಬಂದವರಿಂದಲೇ ಬೆಳೆಯಿತು ಅಂತ ಒಪ್ಪಲೇಬೇಕು. 1981ರಲ್ಲಿ ಪಟ್ನಿ ಎಂಬ ಸಾಫ್ಟ್‌ವೇರ್ ಕಂಪನಿ ಬಿಟ್ಟ ಏಳು ಜನ ಪುಣೆಯಲ್ಲಿ ಇನ್ಫೋಸಿಸ್ ಶುರು ಮಾಡಿ, 1983ರಲ್ಲಿ ನಮ್ಮೂರಿಗೆ ಬಂದರು. ಅಮೆಜಾನ್ ಬಿಟ್ಟವರು 2007ರಲ್ಲಿ ಫ್ಲಿಪ್‌ಕಾರ್ಟ್ ಕಟ್ಟಿದರು, ಫ್ಲಿಪ್‌ಕಾರ್ಟ್ ಬಿಟ್ಟವರು 2015ರಲ್ಲಿ ಫೋನ್‌ಪೇ ಕಟ್ಟಿದರು. ಇತ್ತ ಸಿಲಿಕಾನ್ ವ್ಯಾಲಿಯವರೇನೂ ಸಾಚಾಗಳಲ್ಲ. ಒಬ್ಬರ ಎಂಜಿನಿಯರನ್ನು ಒಬ್ಬರು ಕರೆಯಬಾರದು ಅಂತ ಆಪಲ್, ಗೂಗಲ್, ಇಂಟೆಲ್, ಅಡೋಬಿ ಒಳಗೊಳಗೇ ಮಾತಾಡಿಕೊಂಡಿದ್ದವು ಎಂಬ ಕೇಸು 41.5 ಕೋಟಿ ಡಾಲರಿಗೆ 2015ರಲ್ಲಿ ಇತ್ಯರ್ಥವಾಯಿತು.

ನಮ್ಮಂಥ ಎಚ್‌-1ಬಿ ಕೆಲಸದ ವೀಸಾ ಜನಕ್ಕಂತೂ ಈ ಸ್ವಾತಂತ್ರ್ಯ ಅರೆಬರೆ. ಕೆಲಸ ಹೋದರೆ ಹೊಸದು ಹುಡುಕಲು 60 ದಿನ. ಸ್ವಂತ ಕಂಪನಿ ಅನ್ನುವುದು ಹೆಚ್ಚಿನವರಿಗೆ ಗ್ರೀನ್ ಕಾರ್ಡ್ ಬಂದ ಮೇಲಿನ ಮಾತು. ಕನ್ನಡ ಕೂಟದ ಊಟದಲ್ಲಿ ಒಳ್ಳೊಳ್ಳೆ ಐಡಿಯಾ ಹೇಳುವವರು ಸಿಗುತ್ತಾರೆ, ಮುಂದಿನ ಮಾತು ಪ್ರಯಾರಿಟಿ ಡೇಟಿನದ್ದು, ಅಂದರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ಎಲ್ಲಿದ್ದೇವೆ ಅನ್ನುವುದು. ಅವರಲ್ಲೊಬ್ಬ ಕಾದೂ ಕಾದೂ ಸಾಕಾಗಿ ವಾಪಸ್ ಹೋದ. ಈಗ ಎಚ್‌ಎಸ್‌ಆರ್ ಲೇಔಟಿನಲ್ಲಿ ಅವನದೇ ಕಂಪನಿ, ಚೆನ್ನಾಗಿ ನಡೆಯುತ್ತಿದೆ. ಮೊನ್ನೆ ಫೋನ್ ಮಾಡಿ ಗೋಳು ಹೇಳಿಕೊಂಡ. "ಕೆಲಸ ಕಲಿತ ತಕ್ಷಣ ಹುಡುಗ್ರು ಬಿಟ್ಟು ಹೋಗ್ತಾರೆ ಕಣೋ. ಬಾಂಡ್ ಬರೆಸ್ಕೊಳೋಣ ಅಂತಿದೀನಿ."