ಉಣ್ಣೋರಿಗೆ ಗೊತ್ತಾಗಬೇಕು

"ಏನೋ ಒಂದು ಹೊಟ್ಟೆಗೆ ಬಿದ್ರೆ ಆಯ್ತು ಬಿಡಿ" ಅನ್ನುವುದನ್ನು ದೊಡ್ಡ ಗುಣವೆಂಬಂತೆ ಹೇಳಿಕೊಳ್ಳುವವರು ಈಗ ಹೆಚ್ಚು. ಊಟದ ಮೇಲೆ ಆಸೆಯಿಲ್ಲದ ಸರಳ ಮನುಷ್ಯ ಅಂತ ಅವರಿಗೆ ಮೆಚ್ಚುಗೆಯೂ ಸಿಗುತ್ತದೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ತಟ್ಟೆಗೆ ಏನು ಬಿತ್ತು, ಅದು ಬೆಂದಿದೆಯೋ ಇಲ್ಲವೋ ಅಂತ ನೋಡದೆ ಉಣ್ಣುವ ಮನೆಯಲ್ಲಿ ಅಡುಗೆ ಒಂದೇ ತಲೆಮಾರಿಗೆ ಕೆಡುತ್ತದೆ. ಹಬ್ಬದ ಅಡುಗೆ ಹೇಗೋ ಉಳಿದುಕೊಳ್ಳುತ್ತದೆ, ನೆಂಟರು ಬರುತ್ತಾರೆ, ಹೊಗಳುತ್ತಾರೆ. ಕೆಡುವುದು ದಿನದ ಅಡುಗೆ. ಅದನ್ನು ಕಾಯಬೇಕಾದ್ದು ಉಣ್ಣುವವರ ನಾಲಿಗೆ.

ನಮ್ಮ ಹಾಸನದ ಕಡೆಯ ಹಿಟ್ಟನ್ನೇ ತೆಗೆದುಕೊಳ್ಳಿ. ಪುಸ್ತಕದಲ್ಲಿ ರಾಗಿಮುದ್ದೆ, ಮನೆಯಲ್ಲಿ ಹಿಟ್ಟು. ಇದರಲ್ಲಿರುವುದು ರಾಗಿ ಹಿಟ್ಟು, ನೀರು, ಚಿಟಿಕೆ ಉಪ್ಪು, ಅಷ್ಟೇ. ಮಸಾಲೆ ಇಲ್ಲದ್ದರಿಂದ ತಪ್ಪನ್ನು ಮುಚ್ಚಿಡಲು ಜಾಗವೂ ಇಲ್ಲ. ನಾಲ್ಕು ಜನಕ್ಕೆ ಎರಡು ಲೋಟ ಹಿಟ್ಟು, ನಾಲ್ಕರಿಂದ ನಾಲ್ಕೂವರೆ ಲೋಟ ನೀರು. ಹಳೇ ರಾಗಿಯಾದರೆ ನೀರು ಸ್ವಲ್ಪ ಹೆಚ್ಚು ಕುಡಿಯುತ್ತದೆ. ಎಸರಿಗೆ ಇಟ್ಟಾಗಲೇ ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹೊಯ್ದರೆ ನೀರು ತೆಳು ಗಂಜಿಯಾಗುತ್ತದೆ, ಆಮೇಲೆ ಗಂಟು ಕಟ್ಟುವುದು ಕಡಿಮೆ. ಗಂಜಿ ಉಕ್ಕಿ ಬಂದಾಗ ಉಳಿದ ಹಿಟ್ಟನ್ನೆಲ್ಲ ನಡುವೆ ಗುಡ್ಡೆಯಾಗಿ ಸುರಿಯಬೇಕು. ಸುರಿದವರ ಕೈ ತಾನಾಗಿ ತಿರುವಲು ಹೋಗುತ್ತದೆ. ತಿರುವಬಾರದು. ಕೋಲಿನಿಂದ ಗುಡ್ಡೆಯ ನಡುವೆ ತಳಮುಟ್ಟ ಒಂದು ತೂತು ಮಾಡಿ, ಉರಿ ತಗ್ಗಿಸಿ, ಆರೇಳು ನಿಮಿಷ ಬಿಡಬೇಕು. ಆ ತೂತಿನಿಂದ ಕುದಿ ಮೇಲೆದ್ದು ಗುಡ್ಡೆಯ ಮೈಮೇಲೆಲ್ಲ ಹರಿಯುತ್ತದೆ. ಒಳಗಿನ ಹಿಟ್ಟು ಬೇಯುವುದು ಆ ಹಬೆಯಲ್ಲಿ. ಈ ಆರೇಳು ನಿಮಿಷವನ್ನು ಎರಡಕ್ಕೆ ಇಳಿಸುವುದರಿಂದಲೇ ನೂರಕ್ಕೆ ತೊಂಬತ್ತು ಮುದ್ದೆ ಹಾಳಾಗುವುದು ಅನ್ನಬಹುದು. ಆಮೇಲೆ ಎಷ್ಟು ತೊಳಸಿದರೂ ಒಳಗಿನ ಹಸಿ ಹೋಗುವುದಿಲ್ಲ.

ಬೆಂದ ಮೇಲೆ ಮೇಲಿನ ಗಂಜಿಯನ್ನು ಅರ್ಧ ಲೋಟದಷ್ಟು ಬಗ್ಗಿಸಿ ಪಕ್ಕಕ್ಕಿಟ್ಟುಕೊಂಡು ತೊಳಸಲು ಶುರುಮಾಡಿದರೆ ಹದ ಕೈಯಲ್ಲಿರುತ್ತದೆ. ಗಟ್ಟಿ ಅನ್ನಿಸಿದರೆ ಅದೇ ಗಂಜಿಯನ್ನು ಮತ್ತೆ ಸೇರಿಸಬಹುದು. ಮೊದಲೇ ನೀರಾಗಿಬಿಟ್ಟರೆ ಒಣ ಹಿಟ್ಟು ಉದುರಿಸಬೇಕಾಗುತ್ತದೆ, ಉದುರಿಸಿದ ಹಿಟ್ಟು ಬೇಯುವುದಿಲ್ಲ. ಪಾತ್ರೆ ಇಳಿಸಿ, ಕವೆಗೋಲಿನಲ್ಲಿ ಭದ್ರ ಹಿಡಿದು, ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತೊಳಸಬೇಕು. ಗಂಟು ಒಡೆಯುವುದು ಒತ್ತಿದಾಗಲೇ, ಸುಮ್ಮನೆ ಸುತ್ತು ತಿರುಗಿಸಿದರೆ ಅದು ಕೋಲಿನ ಜತೆಯಲ್ಲೇ ಸುತ್ತುತ್ತಿರುತ್ತದೆ. ಮತ್ತೆ ಸಣ್ಣ ಉರಿಯ ಮೇಲೆ ಎರಡು ಮೂರು ನಿಮಿಷ ಮುಚ್ಚಿಟ್ಟು, ಒದ್ದೆ ಮಣೆಯ ಮೇಲೆ ಕಟ್ಟಿದರೆ ಮುಗಿಯಿತು.

ಈಗ ಉಣ್ಣುವವರ ಸರದಿ. ಬೆಂದ ಮುದ್ದೆಗೆ ಮೈಮೇಲೆ ಹೊಳಪಿರುತ್ತದೆ, ಬಣ್ಣ ಕಪ್ಪಿಗೆ ತಿರುಗಿರುತ್ತದೆ. ಬೇಯದ್ದು ಬೂದಿ ಬಣ್ಣಕ್ಕಿದ್ದು ಮಂಕಾಗಿರುತ್ತದೆ. ಒದ್ದೆ ಬೆರಳಿಟ್ಟರೆ ಅಂಟಬಾರದು. ಅಂಟಿತು ಅಂದರೆ ಬೆಂದದ್ದು ಸಾಲದು, ಇಲ್ಲವೇ ನೀರು ಜಾಸ್ತಿ. ಕಟ್ಟುವಾಗ ಬಿರುಕು ಬಿಟ್ಟಿದ್ದರೆ ನೀರು ಕಡಿಮೆ. ಮುರಿದಾಗ ನಡುವೆ ಬಿಳಿ ಚುಕ್ಕಿ ಕಂಡರೆ ಅದು ಒಡೆಯದ ಗಂಟು. ನುಂಗಿದಾಗ ಗಂಟಲಲ್ಲಿ ಜಾರಿಕೊಂಡು ಹೋಗಬೇಕು. ಹಲ್ಲಿಗೆ ಮೆತ್ತಿಕೊಂಡರೆ ಹಸಿಯಿದೆ ಅಂತ ತಿಳಿಯಿರಿ. "ಇವತ್ತು ಹಿಟ್ಟು ಒಂದೆರಡು ನಿಮಿಷ ಮುಂಚೆ ಇಳಿಸಿದ್ದೀ ಕಣವ್ವ" ಅಂತ ಪ್ರೀತಿಯಿಂದ ಹೇಳಬಲ್ಲವರು ಪಂಕ್ತಿಯಲ್ಲಿ ಒಬ್ಬರಿದ್ದರೂ ನಾಳೆಯ ಹಿಟ್ಟು ಸರಿಯಾಗಿರುತ್ತದೆ. ಹದವಾಗಿ ಬಂದ ದಿನ ಅದನ್ನೂ ಬಾಯಿಬಿಟ್ಟು ಹೇಳಬೇಕು. ಇದನ್ನು ಮರೆಯುವವರೇ ಹೆಚ್ಚು.

ಇನ್ನೊಂದು ಮಾತು. ಮುದ್ದೆ ಕಾಯುವುದಿಲ್ಲ. ಕಟ್ಟಿ ಹತ್ತು ಹದಿನೈದು ನಿಮಿಷವಾದರೆ ಮೇಲ್ಮೈ ಗಟ್ಟಿಯಾಗುತ್ತದೆ, ಸಾರು ಹಿಡಿಯುವುದಿಲ್ಲ. "ಬನ್ನಿ ಊಟಕ್ಕೆ" ಅಂದಾಗ "ಬಂದೆ ಬಂದೆ" ಅಂತ ಮೊಬೈಲು ಉಜ್ಜುತ್ತ ಕೂತವರು ಕಳೆದುಕೊಳ್ಳುವುದು ಇದನ್ನೇ. ಮನೆಮಂದಿಯೆಲ್ಲ ಒಂದೇ ಹೊತ್ತಿಗೆ ಸುತ್ತ ಕೂರುವುದು ಸಂಸ್ಕಾರವೋ ಸಂಪ್ರದಾಯವೋ ಅಂತ ಚರ್ಚೆ ಮಾಡುತ್ತಾರೆ. ನನ್ನ ಪ್ರಕಾರ ಅದಕ್ಕೆ ಮೊದಲ ಕಾರಣ ಬಿಸಿ. ಬಿಸಿ ಮುದ್ದೆ ನಾಲ್ಕು ಜನರನ್ನು ಒಟ್ಟಿಗೆ ಕೂರಿಸುತ್ತದೆ, ಕೂತ ಮೇಲೆ ಮಾತು ತಾನಾಗಿ ಬರುತ್ತದೆ.

ಮುದ್ದೆಗೆ ಬಸ್ಸಾರು. ದಿನದೂಟದ ಬುದ್ಧಿವಂತಿಕೆ ಇಷ್ಟು ಸ್ಪಷ್ಟವಾಗಿ ಕಾಣುವ ಅಡುಗೆ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಒಂದು ಪಾತ್ರೆಯಲ್ಲಿ ಬೇಯಿಸಿದ್ದನ್ನು ಬಸಿದರೆ ಇಳಿದ ನೀರು, ಅಂದರೆ ಕಟ್ಟು, ಸಾರಾಗುತ್ತದೆ, ಮೇಲುಳಿದದ್ದು ಪಲ್ಯವಾಗುತ್ತದೆ. ಚೆಲ್ಲುವುದು ಒಂದು ಹನಿಯೂ ಇಲ್ಲ. ಸೊಪ್ಪು ಬೇಯಿಸಿದ ನೀರಿಗೆ ಅದರ ಸತ್ವ ಇಳಿದಿರುತ್ತದೆ, ಆ ನೀರೇ ಸಾರಾಗುವುದರಿಂದ ಎಲ್ಲ ಹೊಟ್ಟೆಗೇ ಸೇರುತ್ತದೆ.

ನಾಲ್ಕು ಜನಕ್ಕೆ ಒಂದು ಲೋಟ ತೊಗರಿಬೇಳೆ, ಆರು ಲೋಟ ನೀರು, ಎರಡು ಕಟ್ಟು ದಂಟಿನ ಸೊಪ್ಪು ಅಥವಾ ಸಬ್ಬಸಿಗೆ ಬೆರೆತ ಬೆರಕೆ ಸೊಪ್ಪು. ಬೇಳೆಯ ಜಾಗಕ್ಕೆ ಹುರುಳಿ, ಹಲಸಂದೆ, ಹೆಸರುಕಾಳು ಯಾವುದಾದರೂ ಸೈ, ಕಾಳಾದರೆ ರಾತ್ರಿಯೇ ನೆನೆಹಾಕಬೇಕು. ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿ, ನೊರೆ ತೆಗೆಯುತ್ತಿರಿ. ಬೆರಳಲ್ಲಿ ಒತ್ತಿದರೆ ನುಣ್ಣಗೆ ಒಡೆಯಬೇಕು, ನೀರಿನಲ್ಲಿ ಮಾತ್ರ ಇಡಿಯಾಗಿಯೇ ಕಾಣಬೇಕು. ಅಲ್ಲಿಗೆ ಸೊಪ್ಪು ಹಾಕಿ, ಮುಚ್ಚಳ ಹಾಕದೆ ಐದಾರು ನಿಮಿಷ. ಮುಚ್ಚಿದರೆ ಹಸಿರು ಕಂದಿಹೋಗುತ್ತದೆ. ಉಪ್ಪು ಹಾಕಿ ಬಸಿದುಬಿಡಿ. ನಾಲ್ಕು ಲೋಟದಷ್ಟು ಕಟ್ಟು ಬರುತ್ತದೆ.

ಬಸ್ಸಾರು ಕೆಡುವುದು ಬಹುಪಾಲು ಕುಕ್ಕರಿನಲ್ಲಿ. ಎರಡು ಸೀಟಿ ಕೂಗಿಸಿದರೆ ಬೇಳೆ ಕದಡಿಹೋಗುತ್ತದೆ. ಬಸಿಯಲು ಏನೂ ಉಳಿದಿರುವುದಿಲ್ಲ, ಸಾರು ಹುಳಿಯಂತೆ ಮಂದವಾಗುತ್ತದೆ, ಪಲ್ಯ ಮುದ್ದೆಯಾಗುತ್ತದೆ. ಅವಸರವಿದ್ದ ದಿನ ಬಸ್ಸಾರಿನ ಗೊಡವೆಗೆ ಹೋಗದೆ ಸೊಪ್ಪಿನ ಹುಳಿ ಮಾಡುವುದೇ ಮೇಲು.

ಮಸಾಲೆಗೆ ಒಂದು ದೊಡ್ಡ ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಇವೆರಡನ್ನೂ ಕೆಂಡದಲ್ಲೋ ಗ್ಯಾಸಿನ ಉರಿಯಲ್ಲೋ ಸಿಪ್ಪೆ ಕರಿಯುವವರೆಗೆ ಸುಟ್ಟುಕೊಳ್ಳಿ. ಒಂದು ಚಮಚ ಜೀರಿಗೆ, ಹತ್ತು ಕಾಳುಮೆಣಸು, ಎರಡು ಚಮಚ ಸಾರಿನ ಪುಡಿ, ಮೂರು ಚಮಚ ಕಾಯಿತುರಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು. ಕೊನೆಗೆ ಬಸಿದಿಟ್ಟ ಸೊಪ್ಪು ಬೇಳೆಯಿಂದ ಒಂದು ಸೌಟು ತೆಗೆದು ಇದರ ಜತೆ ನುಣ್ಣಗೆ ರುಬ್ಬಬೇಕು. ಈ ಒಂದು ಸೌಟೇ ಸಾರಿಗೆ ಮೈ ಕೊಡುವುದು. ಸಾರು ನೀರಾಯಿತು ಅಂತ ಕಾಯಿ ಹೆಚ್ಚಿಸಬೇಡಿ, ಸಿಹಿ ಮುಂದಾಗುತ್ತದೆ. ಇನ್ನೊಂದು ಸೌಟು ಬೇಳೆ ರುಬ್ಬಿ ಹಾಕಿ. ಕಟ್ಟಿಗೆ ಮಸಾಲೆ ಸೇರಿಸಿ ಎಂಟು ಹತ್ತು ನಿಮಿಷ ಕುದಿಸಿದರೆ ಹಸಿವಾಸನೆ ಹೋಗುತ್ತದೆ. ಮುದ್ದೆಯ ಸುತ್ತ ಹರಿಯಬೇಕು, ತುತ್ತನ್ನು ಅದ್ದಿದರೆ ಮೈಗೆ ಹಿಡಿಯಬೇಕು, ಆ ಹದಕ್ಕೆ ಇಳಿಸಿ. ಪಲ್ಯಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ, ಮೇಲೆ ಹಸಿ ಕಾಯಿತುರಿ ಸಾಕು. ಒಂದೇ ಸೊಪ್ಪು, ಒಂದೇ ಬೇಳೆ, ಆದರೆ ತಟ್ಟೆಯಲ್ಲಿ ಎರಡು ಬೇರೆ ಬೇರೆ ರುಚಿ. ಸಾರಿಗೂ ಪಲ್ಯಕ್ಕೂ ವ್ಯತ್ಯಾಸ ಕಾಣದೆ ಉಂಡೆದ್ದರೆ ಅಷ್ಟು ಹೊತ್ತಿನ ಸುಡುವುದು, ಬಸಿಯುವುದು, ರುಬ್ಬುವುದು ಯಾರಿಗಾಗಿ? ಮಾರನೇ ದಿನ ಕುದಿಸಿ ಕುದಿಸಿ ಇಳಿಸಿದ ಬಸ್ಸಾರು ಮೊದಲ ದಿನದ್ದಕ್ಕಿಂತ ರುಚಿ ಅನ್ನುವವರ ಪಕ್ಷ ನನ್ನದು.

ಅರಸೀಕೆರೆಯಿಂದ ಸಕಲೇಶಪುರಕ್ಕೆ ಸುಮಾರು 80 ಕಿಲೋಮೀಟರು. ಅಷ್ಟರಲ್ಲಿ ಮಳೆ ಬೇರೆ, ಮಣ್ಣು ಬೇರೆ, ತಟ್ಟೆಯೂ ಬೇರೆ. ತೆಂಗು ರಾಗಿಯ ಬಯಲು ಮುಗಿದು ಗದ್ದೆ, ಕಾಫಿ ತೋಟ ಶುರುವಾಗುತ್ತದೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲೂ ಹೀಗೆಯೇ, ಕಡೂರಿನ ಊಟ ಒಂದು, ಮೂಡಿಗೆರೆ ಕೊಪ್ಪದ ಊಟ ಇನ್ನೊಂದು. ಆ ಕಡೆ ಉಣ್ಣುವವರ ಕಣ್ಣು ಕಡುಬಿನ ಮೇಲಿರುತ್ತದೆ. ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ ತರಿಯಾಗಿ ಒಡೆಸಿ, ಒಂದಕ್ಕೆ ಎರಡರಷ್ಟು ಕುದಿಯುವ ನೀರಿಗೆ ಉಪ್ಪು ಹಾಕಿ ಸುರಿದು ಬೇಯಿಸಿ, ಬಿಸಿಯಿರುವಾಗಲೇ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, ಹಬೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಡುತ್ತಾರೆ. ತರಿ ನುಣ್ಣಗಾದರೆ ಕಡುಬು ರಬ್ಬರಿನಂತೆ ಎಳೆಯುತ್ತದೆ. ಕೆಳಗಿನ ನೀರು ಕುದಿಯುವ ಮೊದಲೇ ಉಂಡೆ ಜೋಡಿಸಿದರೆ ತಳದವು ನೀರು ಕುಡಿದು ಪಿಚ್ಚಗಾಗುತ್ತವೆ. ಸರಿಯಾದ ಕಡುಬನ್ನು ಬಿಡಿಸಿದರೆ ತರಿ ಒಂದೊಂದೇ ಕಾಣಬೇಕು, ಉದುರಬಾರದು. ಕಾಯಿ ಚಟ್ನಿಗೆ ಸೂಜಿಮೆಣಸು ಬಿದ್ದಿದೆಯೋ ಬರೀ ಹಸಿಮೆಣಸಿನಕಾಯಿಯೋ ಅಂತ ಮೊದಲ ತುತ್ತಿಗೇ ಹೇಳುವವರು ಅಲ್ಲಿ ಇನ್ನೂ ಇದ್ದಾರೆ.

ಮಳೆಗಾಲದ ಕಳಲೆ (ಎಳೆ ಬಿದಿರು), ಮರಗೆಸು (ಮರದ ಮೇಲೆ ಬೆಳೆಯುವ ಕೆಸು) ಇವುಗಳಲ್ಲಂತೂ ನಾಲಿಗೆಯ ಎಚ್ಚರ ಬರೀ ರುಚಿಯ ಮಾತಲ್ಲ. ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಬೇಯಿಸಿದ ನೀರನ್ನೂ ಚೆಲ್ಲಿಯೇ ಅಡುಗೆಗೆ ಇಳಿಸಬೇಕು. ಬಸ್ಸಾರಿನ ಧರ್ಮ ಇಲ್ಲಿ ತಲೆಕೆಳಗು. ನಾಲಿಗೆಗೆ ಕಹಿ ತಾಗಿದರೆ ಇನ್ನೊಂದು ದಿನ ನೆನೆಯಲಿ. ಕೆಸುವಿನಲ್ಲಿರುವುದು ಸೂಜಿಯಂಥ ಆಕ್ಸಲೇಟ್ ಹರಳು, ಗಂಟಲು ಕೆರೆಯುವುದು ಅದರಿಂದಲೇ. ಪತ್ರೊಡೆಯ ಹಿಟ್ಟಿಗೆ ಹುಣಸೆಹಣ್ಣು ಧಾರಾಳವಾಗಿ ಹಾಕುವುದು, ಚೆನ್ನಾಗಿ ಬೇಯಿಸುವುದು ಅದಕ್ಕಾಗಿ.

ಚಳಿಗಾಲ ಬಂದರೆ ಅವರೆ. ಇಬ್ಬನಿ ಬೀಳತೊಡಗಿದ ಮೇಲೆ ಬರುವ ಕಾಯಿಗೆ ಸೊಗಡು. ಕಾಯಿ ಸುಲಿದರೆ ಬೆರಳಿಗೆ ಜಿಡ್ಡು ಹತ್ತಬೇಕು, ಮೂಸಿದರೆ ವಾಸನೆ ಮೂಗಿಗೆ ಬಡಿಯಬೇಕು. ವರ್ಷಪೂರ್ತಿ ಸಿಗುವ, ಸೊಗಡಿಲ್ಲದ ಅವರೆಯನ್ನು ಅದೇ ದುಡ್ಡಿಗೆ ಕೊಂಡು ತಂದರೆ ಹಿತಕಿದ ಬೇಳೆ ಸಾರಿಗೆ ಬಣ್ಣ ಬರುತ್ತದೆ, ಅವರೆ ಬರುವುದಿಲ್ಲ. ಕೊಳ್ಳುವವರು ಮೂಸಿ ನೋಡುವುದನ್ನು ಬಿಟ್ಟರೆ ಬೆಳೆಯುವವರು ಸೊಗಡಿನ ತಳಿಯನ್ನು ಯಾಕೆ ಉಳಿಸಿಕೊಳ್ಳುತ್ತಾರೆ ಹೇಳಿ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಘೋಷಿಸಿದ ಮೇಲೆ ರಾಗಿಗೆ ಪೇಟೆಯಲ್ಲಿ ಮರ್ಯಾದೆ ಹೆಚ್ಚಿದೆ. ಸಂತೋಷ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಮೂಳೆಗೆ ಒಳ್ಳೆಯದು ಅಂತ ಮೂಗು ಮುಚ್ಚಿಕೊಂಡು ಅರೆಬೆಂದ ಮುದ್ದೆ ನುಂಗುವವರು ಎಷ್ಟು ದಿನ ನುಂಗಿಯಾರು? ಮಕ್ಕಳಿಗೆ ಮುದ್ದೆ ಹಿಡಿಸಬೇಕಾದರೆ ಕ್ಯಾಲ್ಸಿಯಂ ಪಾಠ ಬೇಡ. ಹದವಾಗಿ ಬೆಂದ ಬಿಸಿ ಮುದ್ದೆಯ ಮೇಲೆ ಗುಳಿ ಮಾಡಿ ತುಪ್ಪ ಬಿಟ್ಟು ಕೊಡಿ. ರುಚಿ ಹತ್ತಿದ ನಾಲಿಗೆ ಆ ಧಾನ್ಯವನ್ನು ಐವತ್ತು ವರ್ಷ ಬಿಡುವುದಿಲ್ಲ.

ಇಷ್ಟು ಹೇಳಿ ಒಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಉಣ್ಣುವವರು ಗಮನಿಸಬೇಕು ಅಂದರೆ ತಟ್ಟೆ ತಳ್ಳಬೇಕು, ಹೆಂಗಸರ ಮೇಲೆ ರೇಗಬೇಕು ಅಂತ ಅರ್ಥ ಮಾಡಿಕೊಂಡ ಗಂಡಸರ ದೊಡ್ಡ ಪರಂಪರೆಯೇ ನಮ್ಮಲ್ಲಿದೆ. ಅದರಿಂದ ಅಡುಗೆ ಸುಧಾರಿಸಿಲ್ಲ, ಮಾಡುವ ಕೈಗೆ ಬೇಸರ ಬಂದಿದೆ, ಅಷ್ಟೇ. ತೊಳಸಿ ನೋಡದವರಿಗೆ ಗಂಟಿನ ಬಗ್ಗೆ ಮಾತಾಡುವ ಹಕ್ಕಿಲ್ಲ. ಬೀಗರೂಟದಲ್ಲಿ ಐನೂರು ಜನದ ಹಿಟ್ಟನ್ನು ತೊಳಸುವುದು ಗಂಡಸರೇ. ಆ ತೋಳು ಮನೆಯ ನಾಲ್ಕು ಮುದ್ದೆಗೆ ಯಾಕೆ ಬರಬಾರದು? ವಾರಕ್ಕೆರಡು ಸಲ ಕೋಲು ಹಿಡಿದರೆ ಆರೇಳು ನಿಮಿಷ ಕಾಯುವುದು ಎಷ್ಟು ಕಷ್ಟ ಅಂತ ತಿಳಿಯುತ್ತದೆ, ಉಣ್ಣುವಾಗ ಆಡುವ ಮಾತಿನ ಹದವೂ ಬದಲಾಗುತ್ತದೆ.

ಉಳಿದ ಮುದ್ದೆಯ ವಿಚಾರ. ರಾತ್ರಿ ಹಾಗೆಯೇ ತಟ್ಟೆಯಲ್ಲಿ ಬಿಟ್ಟರೆ ಮೇಲೆ ಚಕ್ಕೆ ಕಟ್ಟುತ್ತದೆ, ಬೆಳಿಗ್ಗೆ ಎಷ್ಟು ಕಿವುಚಿದರೂ ಕರಗುವುದಿಲ್ಲ. ಮುಳುಗುವಷ್ಟು ನೀರಿನಲ್ಲಿ ಹಾಕಿ ಮುಚ್ಚಿಡಿ. ಬೆಳಿಗ್ಗೆ ಕಿವುಚಿ, ಒಂದು ಮುದ್ದೆಗೆ ಮೂರು ಲೋಟದಂತೆ ಮಜ್ಜಿಗೆ ಬೆರೆಸಿ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ. ಬೇಸಿಗೆಯಲ್ಲಿ ಕಡೂರು ಅರಸೀಕೆರೆ ಕಡೆ ಬೆಳಗಾಗುವಷ್ಟರಲ್ಲಿ ಹಿತವಾದ ಹುಳಿ ಬಂದಿರುತ್ತದೆ, ಅಲ್ಲಿ ಮಜ್ಜಿಗೆ ಸಿಹಿಯಾಗಿರಲಿ. ಮಳೆ ಹಿಡಿದ ಮೂಡಿಗೆರೆಯ ಚಳಿಗೆ ಅಷ್ಟು ಬೇಗ ಹುಳಿ ಬರುವುದಿಲ್ಲ, ಅಲ್ಲಿ ಹಿಂದಿನ ದಿನದ ಹುಳಿ ಮಜ್ಜಿಗೆಯನ್ನೇ ಹಾಕಿಕೊಳ್ಳಿ.