ಕಲ್ಲು ನೋಡಲು ಟಿಕೆಟ್ ತೆಗೆದುಕೊಂಡವನ ಮಾತು

ಜೋಧ್‌ಪುರದಲ್ಲಿ ಕಲ್ಲು ನೋಡೋಕೆ ಟಿಕೆಟ್ ತಗೊಂಡೆ ಅಂತ ಫೋನಿನಲ್ಲಿ ಹೇಳಿದಾಗ ನಮ್ಮ ದೊಡ್ಡಪ್ಪ ಬಿದ್ದು ಬಿದ್ದು ನಕ್ಕರು. "ಕಲ್ಲು ನೋಡಾಕೆ ದುಡ್ಡು ಕೊಟ್ಯೇನಪ್ಪ? ನಮ್ಮ ಮರಡಿ ಹೊಲಕ್ಕೆ ಬಾ, ಪುಕ್ಸಟ್ಟೆ ತೋರಿಸ್ತೀನಿ. ಬೇಕಾದ್ರೆ ಒಂದು ಲೋಡು ಮನೆ ಮುಂದೆ ಹಾಕಿಸ್ತೀನಿ."

ಅವರ ಮಾತು ಸುಳ್ಳಲ್ಲ. ನಾನು ಚಳ್ಳಕೆರೆ ಕಡೆಯವನು, ಹುಟ್ಟಿದಾಗಿನಿಂದ ಕಂಡದ್ದೇ ಕಲ್ಲು. ಎಂಟು ವರ್ಷದ ಹಿಂದೆ ಬ್ಯಾಂಕಿನವರು ಇಲ್ಲಿಗೆ ಎತ್ತಿ ಹಾಕಿದರು. ಮರುಭೂಮಿ ಅಂದರೆ ಮರಳು, ಒಂಟೆ ಅಂದುಕೊಂಡು ಬಂದೆ. ರೈಲಿಳಿದು ಊರ ಹೊರಗೆ ಹೋದರೆ ಮತ್ತೆ ಹಾಸುಬಂಡೆ, ಮತ್ತೆ ಗರಸು ನೆಲ. ಅಯ್ಯೋ, ಇದಕ್ಕಾ ಇಷ್ಟು ದೂರ ಬಂದದ್ದು ಅನಿಸಿತ್ತು.

ನಾನು ಟಿಕೆಟ್ ಕೊಂಡದ್ದು ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿರುವ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕಿಗೆ. ಸುಮಾರು 70 ಹೆಕ್ಟೇರ್ ಜಾಗ. ಜ್ವಾಲಾಮುಖಿಯಿಂದಾದ ರಯೋಲೈಟ್ ಬಂಡೆ, ಅದರ ಮೇಲೆ ಮಣ್ಣು ಅನ್ನುವುದು ಲೆಕ್ಕಕ್ಕೆ ಮಾತ್ರ. ಒಂದು ಕಾಲಕ್ಕೆ ಅಲ್ಲಿ ತುಂಬಿದ್ದದ್ದು ಏನು ಗೊತ್ತಾ? ನಮ್ಮ ಬಳ್ಳಾರಿ ಜಾಲಿ! ಇಲ್ಲಿ ಅದನ್ನು ಬಾವಳಿಯಾ ಅನ್ನುತ್ತಾರೆ. ರಾಜರ ಕಾಲದಲ್ಲಿ, 1930ರ ದಶಕದಲ್ಲಿ, ಊರು ಹಸಿರಾಗಲಿ ಅಂತ ತಂದು ಬಿತ್ತಿದ್ದಂತೆ. ಬುಡದವರೆಗೆ ಕಡಿದರೂ ಮತ್ತೆ ಚಿಗುರುತ್ತದೆ. ನಮಗೇನು ಹೊಸದಾ ಇದು?

2006ರಲ್ಲಿ, ಮರಗಳ ಬಗ್ಗೆ ಪುಸ್ತಕ ಬರೆದ ಪ್ರದೀಪ್ ಕೃಷೆನ್ ಅವರ ಮುಂದಾಳತ್ವದಲ್ಲಿ ಅದನ್ನು ಬೇರುಸಮೇತ ಕೀಳುವ ಕೆಲಸ ಶುರುವಾಯಿತು. ಬಂಡೆಯೊಳಗೆ ಇಳಿದ ಬೇರು ಕೀಳಲು ಯಾರಿಂದ ಆದೀತು? ಕೊನೆಗೆ ಕೈಹಿಡಿದವರು ಖಂಡ್‌ವಾಲಿಯಾಗಳು, ತಲೆತಲಾಂತರದಿಂದ ಕಲ್ಲುಗಣಿ ಕೆಲಸ ಮಾಡಿದವರು. ಅವರು ಬಂಡೆಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಡುತ್ತಾರೆ. ಸದ್ದಿನಲ್ಲೇ ಎಲ್ಲಿ ಗಟ್ಟಿ, ಎಲ್ಲಿ ಬಿರುಕು ಅಂತ ಗೊತ್ತಾಗುತ್ತದೆ. ಅಲ್ಲಿ ಉಳಿ ಇಟ್ಟು ಬೇರು ಬಿಡಿಸಿದರು. ಬಂಡೆಯ ನಾಡಿನ ಗಿಡಗಳನ್ನೇ ಹುಡುಕಿ ತಂದು ನೆಟ್ಟರು. 2011ರಲ್ಲಿ ಜನರಿಗೆ ಬಾಗಿಲು ತೆರೆದರು.

ಅದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮೂರ ಭೋವಿ ತಾತ. ಚಪ್ಪಡಿ ಎಬ್ಬಿಸುವ ಮೊದಲು ಅವರೂ ಹಾಗೇ ಬಡಿದು ತಲೆ ವಾಲಿಸಿ ಕೇಳುತ್ತಿದ್ದರು. ನಮಗೆ ಅದು ತಮಾಷೆ. ಗಿಡ ನೆಡುವ ದಿನ ಅವರನ್ನು ಕರೆದು "ಎಲ್ಲಿ ತೋಡೋಣ ತಾತ" ಅಂತ ಯಾರೂ ಕೇಳಿದ್ದು ನೆನಪಿಲ್ಲ.

ಗಿಡ ನೆಡುವ ದಿನ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಶಾಲೆಯ ಹಿಂದೆ ಒಂದು ಮರಡಿ. ವನಮಹೋತ್ಸವಕ್ಕೆ ಹುಡುಗರೆಲ್ಲ ಹಾರೆ ಹಿಡಿದು ಹತ್ತುತ್ತಿದ್ದೆವು. ಮೊಣಕೈ ಉದ್ದ ಇಳಿಯುವ ಮೊದಲೇ ಹಾರೆ ಠಣ್ ಅನ್ನುತ್ತಿತ್ತು, ಅಂಗೈ ಜುಮ್ಮೆನ್ನುತ್ತಿತ್ತು. "ಸಾಕು ಬಿಡ್ರೋ, ಇಡ್ರಿ" ಅನ್ನುತ್ತಿದ್ದರು ಮೇಷ್ಟ್ರು. ಸಂಕ್ರಾಂತಿ ಹೊತ್ತಿಗೆ ಒಂದು ಒಣಕಡ್ಡಿ, ಅದರ ಕಾಲಿಗೆ ಹರಿದ ಕಪ್ಪು ಪ್ಲಾಸ್ಟಿಕ್ ಚೀಲ. ಆ ಗುಂಡಿ ತೋಡಲು ಅಡ್ಡ ಬಂದವೆಂದು ನಾವು ಕಿತ್ತು ಬಿಸಾಡಿದ್ದು ತಂಗಟೆ, ಬಂದರೆ, ಕಾರೆ ಅನ್ನುವ ಕುರುಚಲು ಗಿಡಗಳನ್ನು. ಯಾರೂ ನೀರು ಹಾಕದೆ ಅಲ್ಲಿ ಬದುಕಿದ್ದವೇ ಅವು!

ಬಂಡೆನೆಲದ ಗುಟ್ಟು ಇರುವುದು ನೀರಿನಲ್ಲಿ. ಹಾಸುಬಂಡೆ ನೀರು ಕುಡಿಯುವುದಿಲ್ಲ. ಬಿದ್ದ ಹನಿಯೆಲ್ಲ ಜಾರಿ ಬಿರುಕಿಗೆ ಇಳಿಯುತ್ತದೆ. ಸುತ್ತ ಹತ್ತು ಮಾರು ಬಂಡೆಯ ಮೇಲೆ ಸುರಿದ ಮಳೆ ಒಂದು ಸೀಳಿನಲ್ಲಿ ಕೂಡಿದರೆ ಅಲ್ಲಿ ಬೇರು ಬಿಟ್ಟ ಗಿಡಕ್ಕೆ ಸಿಗುವುದು ಜಾಸ್ತಿ ನೀರೇ. ಮೇಲೆ ಕಲ್ಲು ಮುಚ್ಚಿರುವುದರಿಂದ ಆ ತೇವ ಬೇಗ ಆರುವುದೂ ಇಲ್ಲ. ಜೋಧ್‌ಪುರದ ಮಳೆ ವರ್ಷಕ್ಕೆ ಸುಮಾರು 360 ಮಿಲಿಮೀಟರ್. ಆದರೂ ಥೋರ್ ಅನ್ನುವ ಕಳ್ಳಿ, ಕುಮಟಿಯಾ ಅನ್ನುವ ಗೋಂದಿನ ಗಿಡ ಬಂಡೆಯ ಮೇಲೇ ಪೊದೆಗಟ್ಟುತ್ತವೆ. ಕುಮಟಿಯಾ ಬೀಜ ಇಲ್ಲಿನವರ ಪಂಚಕೂಟಾ ಪಲ್ಯಕ್ಕೆ ಬೀಳುತ್ತದೆ. ಅದರ ಜೊತೆ ಬೇಯುವ ಸಾಂಗರಿ ಯಾವುದು ಅಂದುಕೊಂಡಿರಿ? ಖೇಜಡಿ ಮರದ ಕಾಯಿ. ಖೇಜಡಿ ಅಂದರೆ ನಮ್ಮ ಬನ್ನಿ ಮರ. ನಾವು ವಿಜಯದಶಮಿಗೆ ಎಲೆ ಹಂಚಿ "ಬಂಗಾರದಂಗಿರಿ" ಅಂದು ಮುಗಿಸುತ್ತೇವೆ. ಇವರು ಅದರ ಕಾಯಿ ಒಣಗಿಸಿ ಬಂಗಾರದ ರೇಟಿಗೆ ಮಾರುತ್ತಾರೆ. ನಮ್ಮ ಕಾರೆ ಹಣ್ಣು, ಕವಳೆ ಹಣ್ಣಿಗೆ ಕುರಿ ಕಾಯುವ ಹುಡುಗರ ಜೇಬೇ ಕೊನೆ.

ಹಾಗಂತ ಇಲ್ಲಿನವರೆಲ್ಲ ಜಾಣರು, ನಾವು ದಡ್ಡರು ಅನ್ನುತ್ತಿಲ್ಲ. ಪಾರ್ಕಿನ ಗೋಡೆ ದಾಟಿದರೆ ಮತ್ತದೇ ಬಾವಳಿಯಾ. ಕಂದಾಯದ ಕಾಗದದಲ್ಲಿ ಇಂಥ ನೆಲಕ್ಕೆ ಇಲ್ಲಿ "ಗೈರ್ ಮುಮ್ಕಿನ್" ಅಂತ ಬರೆಯುತ್ತಾರೆ, ಅಂದರೆ ಸಾಗುವಳಿ ಸಾಧ್ಯವೇ ಇಲ್ಲದ್ದು. ನಮ್ಮ ಪಹಣಿಯಲ್ಲಿ "ಖರಾಬು". ಬೈಗುಳದಲ್ಲಿ ಎರಡೂ ಸಮ.

ಕಲ್ಲನ್ನು ಬಳಸಿಕೊಳ್ಳುವ ಬುದ್ಧಿ ನಮ್ಮ ಹಿರಿಯರಿಗೇನು ಕಡಿಮೆ ಇತ್ತಾ? ಮೆಹ್ರಾನ್‌ಗಢದ ಕೆಳಗಿನ ರಾಣಿಸರ್, ಪದಮ್‌ಸರ್ ಕೆರೆಗಳನ್ನು ನೋಡಿದಾಗ ನನಗೆ ಕಂಡದ್ದು ನಮ್ಮ ಚಿತ್ರದುರ್ಗದ ಕೋಟೆಯೇ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡಕ್ಕೆ. ಮಣ್ಣಿಲ್ಲದ ಬೆಟ್ಟವೇ ಅಷ್ಟು ನೀರು ಕೊಟ್ಟದ್ದು. ದನ ಮೇಯಿಸಲು ಬಿಟ್ಟ ಹುಲ್ಲುಗಾವಲು, ಅಂದರೆ ಅಮೃತಮಹಲ್ ಕಾವಲುಗಳೂ ಹಾಗೇ. ತೆಳು ಮಣ್ಣಿನಲ್ಲಿ ದೊಡ್ಡ ಮರ ಏಳುವುದು ಕಷ್ಟ, ಹುಲ್ಲಿಗೆ ಅದೇ ಅನುಕೂಲ. ಆ ಹುಲ್ಲು ಮೇಯ್ದೇ ದನ, ಕುರಿ ಬದುಕಿದವು, ಕುರಿಯಿಂದ ಕಂಬಳಿ. 2010ರ ಆಸುಪಾಸಿನಲ್ಲಿ ನಮ್ಮ ತಾಲ್ಲೂಕಿನ ಸಾವಿರಾರು ಎಕರೆ ಕಾವಲು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಜನ ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಹುಲ್ಲಿರುವ ಜಾಗ ಖಾಲಿ ಜಾಗ ಅಂತ ಅಷ್ಟು ಸುಲಭಕ್ಕೆ ಒಪ್ಪಿದ್ದು ಹೇಗೆ ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನೊಂದು ಮಾತು. ಜೋಧ್‌ಪುರ ಕೋಟೆ ನಿಂತಿರುವ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೋಟೆ ಗೈಡುಗಳೂ ಅದನ್ನು ಹೇಳುತ್ತಾರೆ. ದುರ್ಗದಿಂದ ಹಿರಿಯೂರು ಕಡೆ ಹೋಗುವಾಗ ಸಿಗುವ ಮರಡಿಹಳ್ಳಿಯಲ್ಲೂ ಅದೇ ಪಟ್ಟಿಯ ಸ್ಮಾರಕವಿದೆ. ಸಮುದ್ರದ ನೀರಿನೊಳಗೆ ಉಕ್ಕಿದ ಲಾವಾ ದಿಂಬು ದಿಂಬಾಗಿ ಹೆಪ್ಪುಗಟ್ಟಿದ ಕಲ್ಲು, ಸುಮಾರು 250 ಕೋಟಿ ವರ್ಷ ಹಳೆಯದು. ನಾನು ಆ ದಾರಿಯಲ್ಲಿ ನೂರು ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಮೊದಲ ಸಲ ಇಳಿದು ನೋಡಿದ್ದು ಹೋದ ದೀಪಾವಳಿಗೆ, ಜೋಧ್‌ಪುರದಿಂದ ಹೋದಾಗ.

ಆ ರಜೆಯಲ್ಲೇ ದೊಡ್ಡಪ್ಪನ ಮರಡಿ ಹೊಲಕ್ಕೂ ಹೋದೆ. ನಾಲ್ಕು ವರ್ಷದ ಹಿಂದೆ ಎರಡು ಎಕರೆ ಗರಸಿನ ಮೇಲೆ ಟ್ರಾಕ್ಟರಿನಲ್ಲಿ ಕೆರೆ ಗೋಡು ಹೊಡೆಸಿ ಅಡಿಕೆ ಹಾಕಿದ್ದರು. ಎರಡು ವರ್ಷ ಚೆನ್ನಾಗಿತ್ತು. ಮೂರನೇ ಬೇಸಿಗೆಗೆ ಬೋರು ಕೈಕೊಟ್ಟಿತು, ಗರಿ ಜೋತುಬಿದ್ದವು. ಒಂದು ಗಿಡ ಅಲ್ಲಾಡಿಸಿದೆ, ಬುಡಸಮೇತ ಕೈಗೆ ಬಂತು. ಬೇರೆಲ್ಲ ಚಾಪೆ ಹಾಸಿದಂತೆ ಅಡ್ಡಕ್ಕೆ ಹರಡಿತ್ತು. ಕೆಳಗೆ ಬಂಡೆ, ಇಳಿಯೋಕೆ ದಾರಿಯಿಲ್ಲ. ಬದುವಿನ ಮೇಲಿನ ತುಗ್ಗಲಿ ಮರ ಮಾತ್ರ ಹಸಿರಾಗಿ ನಿಂತಿತ್ತು.

ಖಂಡ್‌ವಾಲಿಯಾಗಳ ಕತೆ ಹೇಳಿದೆ. ಅಡಿಕೆ ಬಿಟ್ಟು ಹುಲ್ಲು, ಬನ್ನಿ, ಸೀತಾಫಲ ನೋಡಿ ಅಂದೆ. ದೊಡ್ಡಪ್ಪ ಎಲೆಯಡಿಕೆ ಉಗಿದು ಕೇಳಿದರು: "ಸೀತಾಫಲ ಮಾರಿ ಮೊಮ್ಮಗಳ ಕಾಲೇಜು ಫೀಸು ಕಟ್ಟಾಕಾಗುತ್ತೇನಪ್ಪ? ಭದ್ರಾ ನೀರು ಬರ್ಲಿ, ಆಮೇಲೆ ನೋಡು."

ಜೋಧ್‌ಪುರಕ್ಕೂ ದೂರದ ಕಾಲುವೆ ನೀರು ಬಂತು. ಹಳೇ ಬಾವಿಗಳನ್ನು ಕೇಳುವವರಿಲ್ಲದಾಯಿತು. ಸೇದುವವರಿಲ್ಲದೆ ನೆಲದೊಳಗಿನ ನೀರು ಮೇಲೇರಿ ಈಗ ಹಳೇ ಊರಿನ ಕೆಲವು ಅಂಗಡಿಗಳ ನೆಲಮಾಳಿಗೆಯಲ್ಲಿ ಉಕ್ಕುತ್ತದೆ, ಪಂಪು ಹಚ್ಚಿ ಹೊರಗೆ ಹಾಕುತ್ತಾರೆ. ಅದನ್ನು ಹೇಳೋಣ ಅಂತಿದ್ದೆ. ಅಷ್ಟರಲ್ಲಿ ದೊಡ್ಡಪ್ಪ ಬಗ್ಗಿ, ಕೈಯಲ್ಲಿದ್ದ ಕೋಲಿನಿಂದ ಬಂಡೆಗೆ ಎರಡು ಸಲ ಕುಟ್ಟಿದರು. ತಲೆ ವಾಲಿಸಿದರು. ಇನ್ನೊಂದು ಮಾರು ಮುಂದೆ ಹೋಗಿ ಮತ್ತೆ ಕುಟ್ಟಿದರು.

"ಇಲ್ಲಿ ಬ್ಯಾರೆ ಸದ್ದು ಬರ್ತೈತಲ್ಲೋ," ಅಂದರು.