ಪರೀಕ್ಷೆ ಮುಗಿದ ಸಂಜೆಯ ಅಂಕದ ಲೆಕ್ಕ

ವೈದ್ಯಕೀಯಕ್ಕೆ ನೀಟ್ ಇರಲಿ, ಎಂಜಿನಿಯರಿಂಗ್‌ಗೆ ಜೆಇಇ ಇರಲಿ, ನಮ್ಮ ರಾಜ್ಯದ ಸಿಇಟಿ ಇರಲಿ, ಪರೀಕ್ಷೆ ಮುಗಿಸಿ ಹೊರಗೆ ಬಂದ ಮಕ್ಕಳು ಉತ್ತರ ತಾಳೆ ನೋಡಿದರೆ ಬೈಯುವವರ ಪೈಕಿ ನಾನಲ್ಲ. "ಆಗಿದ್ದು ಆಯ್ತು, ಬಿಡು" ಅಂತ ಹೇಳುವುದು ಸುಲಭ. ಎರಡು ವರ್ಷ ಓದಿ, ಮೂರು ಗಂಟೆ ತಲೆ ಎತ್ತದೆ ಬರೆದ ಹುಡುಗಿ ಗೇಟು ದಾಟಿದ ಕೂಡಲೇ "ಆ ಲೆನ್ಸ್ ಲೆಕ್ಕಕ್ಕೆ ನಿಂಗೆಷ್ಟು ಬಂತು?" ಅಂತ ಕೇಳದೆ ಇರುತ್ತಾಳಾ? ಕೇಳಲೇಬೇಕು. ನಾನು ಭೌತಶಾಸ್ತ್ರ ಪಾಠ ಮಾಡುವವಳು. ವರ್ಷವಿಡೀ ಕ್ಲಾಸಿನಲ್ಲಿ ಬಾಯಿ ಬಿಡದ ಮಕ್ಕಳು ಆ ಹತ್ತು ನಿಮಿಷ ಒಂದು ಪ್ರಶ್ನೆಗಾಗಿ ಹೊಡೆದಾಡುವ ಹಾಗೆ ವಾದ ಮಾಡುತ್ತಾರೆ. "ಅಲ್ಲಿ ಘರ್ಷಣೆ ಇಲ್ಲ ಅಂತ ಕೊಟ್ಟಿದ್ರು ಕಣೋ", "ಆದ್ರೆ ಉರುಳ್ತಾ ಇದೆ ಅಂತಾನೂ ಇತ್ತಲ್ಲ". ಇದಕ್ಕಿಂತ ಒಳ್ಳೆಯ ಕಲಿಕೆ ನನಗೆ ಗೊತ್ತಿಲ್ಲ.

ನನ್ನ ತಕರಾರು ಇರುವುದು ಅದಾದ ಮೇಲೆ ನಡೆಯುವುದರ ಬಗ್ಗೆ. ಸ್ವಲ್ಪ ಹೊತ್ತಿಗೆ ವಾದ ನಿಂತು ಲೆಕ್ಕ ಶುರುವಾಗುತ್ತದೆ. ನೀಟ್, ಜೆಇಇ ಆದರೆ ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದು, ಒಟ್ಟು ಇಷ್ಟು, ಹಾಗಾದರೆ ರ‍್ಯಾಂಕ್ ಇಷ್ಟು, ಹಾಗಾದರೆ ಸೀಟು ಇಲ್ಲ. ಗೇಟಿನಿಂದ ಮನೆಗೆ ಹೋಗುವಷ್ಟರಲ್ಲಿ ಹದಿನೇಳು ವರ್ಷದ ಮಗು ತನ್ನ ಮುಂದಿನ ಬದುಕನ್ನು ತೀರ್ಮಾನ ಮಾಡಿ ಮುಗಿಸಿರುತ್ತದೆ. ಆ ಸಂಖ್ಯೆಗೆ ಬುಡವೇ ಇರುವುದಿಲ್ಲ.

ಒಂದು ಗುಂಪಿನ ಪಕ್ಕ ನಿಂತು ಕೇಳಿಸಿಕೊಳ್ಳಿ. "27ಕ್ಕೆ ಮೂರನೇ ಆಪ್ಷನ್ ತಾನೇ?" ಅಂತ ಒಬ್ಬ ಕೇಳುತ್ತಾನೆ. ಇನ್ನೊಬ್ಬಳ ಮುಖ ಬಾಡುತ್ತದೆ, ಅವಳು ಒಂದನೆಯದನ್ನು ತುಂಬಿದ್ದಾಳೆ. ಇಬ್ಬರ ಪ್ರಶ್ನೆಪತ್ರಿಕೆಯ ಕೋಡ್ ಬೇರೆ, ಪ್ರಶ್ನೆಗಳ ಕ್ರಮವೂ ಬೇರೆ ಅಂತ ಹೊಳೆಯುವುದಕ್ಕೆ ಐದು ನಿಮಿಷ ಬೇಕು. ಆ ಐದು ನಿಮಿಷದಲ್ಲಿ ಕಣ್ಣಲ್ಲಿ ನೀರು ತುಂಬಿ ಆಗಿರುತ್ತದೆ. ಜೆಇಇ ಮೇನ್ ಕಂಪ್ಯೂಟರಿನಲ್ಲಿ ನಡೆಯುವ ಪರೀಕ್ಷೆ, ಪ್ರಶ್ನೆಪತ್ರಿಕೆ ಕೈಗೇ ಸಿಗುವುದಿಲ್ಲ. ಅಲ್ಲಿ ಎಲ್ಲವೂ ನೆನಪಿನ ಮೇಲೆ. ನೆನಪು ಹೇಗಿರುತ್ತದೆ ಅಂದರೆ, ಸರಿ ಉತ್ತರ ಕಿವಿಗೆ ಬಿದ್ದ ಮೇಲೆ "ನಾನೂ ಅದನ್ನೇ ಹಾಕಿದ್ದು" ಅಂತ ಮನಸ್ಸು ನಿಜವಾಗಿಯೂ ನಂಬಿಬಿಡುತ್ತದೆ. ಮಗು ಸುಳ್ಳು ಹೇಳುತ್ತಿಲ್ಲ. ಕೆಲವು ದಿನ ಕಳೆದು, ತಾನು ಹಾಕಿದ ಉತ್ತರಗಳಿರುವ ರೆಸ್ಪಾನ್ಸ್ ಶೀಟ್ ತೆರೆದಾಗ ಬೇರೆ ಆಪ್ಷನ್ ಕಾಣುತ್ತದೆ, ಅಷ್ಟೇ.

ಆ ಗುಂಪಿನಲ್ಲಿ ಯಾರ ದನಿ ಜೋರೋ ಅವನದೇ ಕೀ ಆನ್ಸರ್. ಐದು ಜನ ಒಂದೇ ಉತ್ತರ ಹೇಳಿದರು ಅಂತ ಆರನೆಯವಳು ಕುಸಿದು ಹೋಗುತ್ತಾಳೆ. ಆ ಐವರೂ ಒಂದೇ ಕೋಚಿಂಗ್‌ನಲ್ಲಿ ಒಂದೇ ನೋಟ್ಸ್ ಓದಿದವರಾದರೆ, ಐವರೂ ಒಂದೇ ತಪ್ಪು ಮಾಡಿರಬಹುದು ಅಲ್ವಾ?

ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ಎಲ್ಲರಿಗೂ ಸಲೀಸಾಗಿ ಬಂದ ಪ್ರಶ್ನೆಗಳ ಬಗ್ಗೆ ಹೊರಗೆ ಯಾರೂ ಮಾತಾಡುವುದಿಲ್ಲ. ಮಾತೆಲ್ಲ ಸುತ್ತುವುದು ತಲೆ ತಿಂದ ಹದಿನೈದಿಪ್ಪತ್ತು ಪ್ರಶ್ನೆಗಳ ಸುತ್ತ. ಅರ್ಧ ಗಂಟೆ ಅಲ್ಲಿ ನಿಂತರೆ ಇಡೀ ಪೇಪರೇ ಹೋಯ್ತು ಅನಿಸುತ್ತದೆ. ಚೆನ್ನಾಗಿ ಬರೆದವರಿಗೇ ಹೀಗೆ ಜಾಸ್ತಿ ಅನಿಸುತ್ತದೆ, ಯಾಕೆಂದರೆ ಎಲ್ಲಿ ಅನುಮಾನ ಇತ್ತು ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಸರಿ, ಸಂಜೆ ಕೋಚಿಂಗ್‌ನವರು ಕೀ ಆನ್ಸರ್ ಬಿಡುತ್ತಾರಲ್ಲ, ಅದನ್ನು ನಂಬಬಹುದಲ್ಲ ಅಂತ ನೀವು ಕೇಳಬಹುದು. ಅಧಿಕೃತ ಕೀ ಆನ್ಸರ್ ಕಥೆಯನ್ನೇ ಕೇಳಿ. 2024ರ ನೀಟ್‌ನಲ್ಲಿ ಭೌತಶಾಸ್ತ್ರದ ಒಂದು ಪ್ರಶ್ನೆ ಇತ್ತು, ಪರಮಾಣುಗಳ ಬಗ್ಗೆ ಎರಡು ಹೇಳಿಕೆ. ಪ್ರತಿ ಧಾತುವಿನ ಪರಮಾಣುಗಳೂ ಸ್ಥಿರ ಅನ್ನುವುದು ಎರಡನೆಯ ಹೇಳಿಕೆಯಲ್ಲಿತ್ತು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕದ ಪ್ರಕಾರ ಅದು ಸರಿ, ಹೊಸ ಪುಸ್ತಕದ ಪ್ರಕಾರ ತಪ್ಪು. ನೀಟ್ ನಡೆಸುವ ಎನ್‌ಟಿಎ ಎರಡೂ ಉತ್ತರಕ್ಕೆ ಅಂಕ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು. ಕೋರ್ಟ್ ಹೇಳಿದ್ದಕ್ಕೆ ದೆಹಲಿ ಐಐಟಿಯ ಮೂವರು ತಜ್ಞರು ಕೂತು ನೋಡಿ ಎರಡನೆಯ ಹೇಳಿಕೆ ತಪ್ಪು ಅನ್ನುವ ನಾಲ್ಕನೇ ಆಪ್ಷನ್ ಒಂದೇ ಸರಿ ಅಂದರು. ಇನ್ನೊಂದು ಆಪ್ಷನ್ ಹಾಕಿದ್ದ ಸುಮಾರು 4.2 ಲಕ್ಷ ಮಕ್ಕಳಿಗೆ ಬಂದಿದ್ದ ನಾಲ್ಕು ಅಂಕವೂ ಹೋಯಿತು, ಮೇಲೆ ಒಂದು ಮೈನಸ್ಸೂ ಬಿತ್ತು. ಜೂನ್ 4ರಂದು ಮೊದಲ ಫಲಿತಾಂಶ ಬಂದಾಗ 720ಕ್ಕೆ 720 ಪಡೆದವರು 67 ಜನ. ಕೆಲವು ಕೇಂದ್ರಗಳಲ್ಲಿ ಸಮಯ ಕಡಿಮೆ ಸಿಕ್ಕಿತು ಅಂತ ಕೊಟ್ಟಿದ್ದ ಗ್ರೇಸ್ ಅಂಕ ವಾಪಸ್ ತೆಗೆದುಕೊಂಡು, ಈ ಪ್ರಶ್ನೆಯನ್ನೂ ಸರಿಪಡಿಸಿ, ಜುಲೈ ಕೊನೆಗೆ ಉಳಿದವರು 17. ಪರೀಕ್ಷೆ ನಡೆದದ್ದು ಮೇ 5ಕ್ಕೆ. ಪರೀಕ್ಷೆ ನಡೆಸಿದವರಿಗೇ ಎರಡೂವರೆ ತಿಂಗಳು ಹಿಡಿದ ಉತ್ತರ, ಅದೇ ಸಂಜೆ ವಾಟ್ಸಾಪ್ ಗ್ರೂಪಿಗೆ ಹೇಗೆ ಸಿಗುತ್ತದೆ?

ಅದೇ ವರ್ಷ ನಮ್ಮ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗಲಾಟೆ ಆಯಿತು. ಕೊನೆಗೆ ಸಿಇಟಿ ನಡೆಸುವ ಕೆಇಎ ನಾಲ್ಕೂ ವಿಷಯ ಸೇರಿ 50 ಪ್ರಶ್ನೆ ಕೈಬಿಟ್ಟಿತು. ಪರೀಕ್ಷೆಯ ಸಂಜೆ ಆ 50ಕ್ಕೂ ಅಂಕದ ಲೆಕ್ಕ ಹಾಕಿ ಅತ್ತವರು ಎಷ್ಟು ಮಕ್ಕಳೋ!

ಒಂದು ವೇಳೆ ಸರಿ ಉತ್ತರಗಳ ಸಂಖ್ಯೆ ಪಕ್ಕಾ ಗೊತ್ತಾಯಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ರ‍್ಯಾಂಕ್ ಗೊತ್ತಾಗುವುದಿಲ್ಲ. ಜೆಇಇ ಮೇನ್ ಹಲವು ಶಿಫ್ಟ್‌ಗಳಲ್ಲಿ ನಡೆಯುತ್ತದೆ, ಒಂದೊಂದು ಶಿಫ್ಟ್‌ಗೂ ಬೇರೆ ಪ್ರಶ್ನೆಪತ್ರಿಕೆ. ನಿಮ್ಮ ಶಿಫ್ಟ್‌ನಲ್ಲಿ ಬರೆದವರ ಪೈಕಿ ಎಷ್ಟು ಶೇಕಡ ಜನ ನಿಮ್ಮಷ್ಟು ಅಥವಾ ನಿಮಗಿಂತ ಕಡಿಮೆ ತೆಗೆದಿದ್ದಾರೆ ಅನ್ನುವುದೇ ಪರ್ಸೆಂಟೈಲ್, ರ‍್ಯಾಂಕ್ ನಿಲ್ಲುವುದು ಅದರ ಮೇಲೆ. ಬೇರೆ ಶಿಫ್ಟ್‌ನ ಗೆಳೆಯನಿಗೆ ಅಷ್ಟೇ ಅಂಕ ಬಂದರೂ ಪರ್ಸೆಂಟೈಲ್ ಬೇರೆ ಆಗಬಹುದು. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಾಲು ಪಿಯು ಅಂಕದ್ದು. ಹೊರದೇಶದ ಕಾಲೇಜಿಗೆ ಬರೆಯುವ ಎಸ್‌ಎಟಿಯಲ್ಲಂತೂ ಪ್ರತಿ ಮಾಡ್ಯೂಲ್‌ನಲ್ಲಿ, ಅಂದರೆ ಪೇಪರಿನ ಪ್ರತಿ ಭಾಗದಲ್ಲಿ, ಎರಡು ಪ್ರಶ್ನೆಗಳಿಗೆ ಅಂಕವೇ ಇಲ್ಲ, ಯಾವ ಎರಡು ಅಂತ ಯಾರಿಗೂ ಹೇಳುವುದಿಲ್ಲ.

"ಕಳೆದ ವರ್ಷ ಇಷ್ಟು ಅಂಕಕ್ಕೆ ಇಷ್ಟು ರ‍್ಯಾಂಕ್" ಅನ್ನುವ ಪಟ್ಟಿ ಇನ್ನೂ ಅಪಾಯ. 2024ರ ನೀಟ್‌ನಲ್ಲಿ ಪೂರ್ತಿ ಅಂಕ ತೆಗೆದವರು 17 ಜನ ಇದ್ದರಲ್ಲ, 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕ 686. ಆ ವರ್ಷ ಭೌತಶಾಸ್ತ್ರ ಅಷ್ಟು ಕಷ್ಟ ಇತ್ತು. ಹಿಂದಿನ ವರ್ಷದ ಪಟ್ಟಿ ಮುಂದಿಟ್ಟುಕೊಂಡವರಿಗೆ ತಮ್ಮ ಅಂಕಕ್ಕೆ ಸೀಟೇ ಇಲ್ಲ ಅಂತ ಕಂಡಿರುತ್ತದೆ. ಆ ಭಯದಲ್ಲಿ ಎಲ್ಲೋ ದುಡ್ಡು ಕಟ್ಟಿದ ಅಪ್ಪ ಅಮ್ಮಂದಿರನ್ನು ನೋಡಿ ನನಗೆ ತುಂಬಾ ಬೇಸರ ಆಗಿದೆ.

ಆ ಭಯವನ್ನೇ ನಂಬಿ ವ್ಯಾಪಾರ ಮಾಡುವವರೂ ಇದ್ದಾರೆ. "ನಿಮ್ಮ ರ‍್ಯಾಂಕ್ ತಿಳಿಯಿರಿ" ಅಂತ ಒಂದು ಪುಟ. ಅಂಕ ಹಾಕಿ, ಹೆಸರು ಹಾಕಿ, ಫೋನ್ ನಂಬರ್ ಹಾಕಿ. ರ‍್ಯಾಂಕ್ ಅಂತ ಯಾವುದೋ ಒಂದು ಸಂಖ್ಯೆ ಬರುತ್ತದೆ. ಮಾರನೇ ದಿನದಿಂದ ಫೋನು. "ಸಾರ್, ನಿಮ್ಮ ಮಗಳಿಗೆ ಗವರ್ನಮೆಂಟ್ ಸೀಟ್ ಕಷ್ಟ, ನಮ್ಮಲ್ಲಿ ಈಗಲೇ ಬುಕ್ ಮಾಡಿದ್ರೆ..." ದಯವಿಟ್ಟು ಆ ಪುಟಗಳಿಗೆ ನಂಬರ್ ಕೊಡಬೇಡಿ. ಅಧಿಕೃತ ಫಲಿತಾಂಶ ಬರುವ ತನಕ ಎಲ್ಲಿಗೂ ಅಡ್ವಾನ್ಸ್ ಕಟ್ಟಬೇಡಿ.

ಸಿಇಟಿಯಲ್ಲಿ ದಿನಕ್ಕೆ ಎರಡು ಪೇಪರ್. ಬೆಳಗಿನ ಪೇಪರ್‌ನ ಲೆಕ್ಕ ಮಧ್ಯಾಹ್ನದ ಬಿಡುವಿನಲ್ಲಿ ಹಾಕಿದರೆ ಎರಡನೇ ಪೇಪರ್ ಬರೆಯುವ ಮನಸ್ಸು ಎಲ್ಲಿಂದ ಬರಬೇಕು? ಆ ಬಿಡುವಿನಲ್ಲಿ ಮಾತ್ರ ಚರ್ಚೆಯೂ ಬೇಡ ಅಂತ ನಾನು ನನ್ನ ವಿದ್ಯಾರ್ಥಿಗಳಿಗೆ ಖಡಾಖಂಡಿತವಾಗಿ ಹೇಳುತ್ತೇನೆ.

ಮನೆಯ ದೊಡ್ಡವರಿಗೆ ಒಂದು ಮಾತು. ಬಾಗಿಲು ತೆಗೆದ ಕೂಡಲೇ "ಎಷ್ಟು ಬರಬಹುದು?" ಅಂತ ಕೇಳಬೇಡಿ. ನೀವು ಕೇಳುವುದರಿಂದಲೇ ಆ ಮಗು ಲೆಕ್ಕ ಹಾಕುವುದು. ಚಿಕ್ಕಪ್ಪನಿಗೆ ಒಂದು ಸಂಖ್ಯೆ, ಪಕ್ಕದ ಮನೆಯವರಿಗೆ ಒಂದು ಸಂಖ್ಯೆ ಹೇಳಬೇಕಲ್ಲ. ಒಮ್ಮೆ ಹೇಳಿದ ಮೇಲೆ ಅದು ಮಾತು ಕೊಟ್ಟ ಹಾಗೆ ಆಗುತ್ತದೆ. ಫಲಿತಾಂಶದಲ್ಲಿ ಅದಕ್ಕಿಂತ ಕಡಿಮೆ ಬಂದರೆ ಮಗು ತಪ್ಪಿತಸ್ಥನ ಹಾಗೆ ನಿಲ್ಲಬೇಕು. ಕೇಳಲೇಬೇಕು ಅನಿಸಿದರೆ "ಯಾವ ಪ್ರಶ್ನೆ ಚೆನ್ನಾಗಿತ್ತು?" ಅಂತ ಕೇಳಿ. ನಿಮಗೆ ಅರ್ಥ ಆಗದಿದ್ದರೂ ಪರವಾಗಿಲ್ಲ, ಹೇಳಲಿ ಬಿಡಿ.

ಮಕ್ಕಳೇ, ನಿಮಗೆ ಅನುಮಾನ ಇರುವ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ನೀವು ಹಾಕಿದ ಉತ್ತರ, ಯಾಕೆ ಹಾಕಿದಿರಿ, ಪುಸ್ತಕದ ಯಾವ ಪುಟ, ಇಷ್ಟು ಸಾಕು. ತಾತ್ಕಾಲಿಕ ಕೀ ಆನ್ಸರ್ ಬಂದ ಮೇಲೆ ಆಕ್ಷೇಪಣೆ ಸಲ್ಲಿಸಲು ಸಿಗುವ ದಿನಗಳು ತೀರಾ ಕಡಿಮೆ. ನೀಟ್‌ನಲ್ಲಿ ಒಂದು ಪ್ರಶ್ನೆಗೆ 200 ರೂಪಾಯಿ ಕಟ್ಟಬೇಕು. ಹಾಗಾಗಿ ಮೊದಲೇ ತಯಾರಾಗಿದ್ದರೆ ಒಳ್ಳೆಯದು. ಗೆಳೆಯರ ಜೊತೆ ಮಾಡಿದ ವಾದ ಅಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಭೌತಶಾಸ್ತ್ರದ ಪ್ರಶ್ನೆ ಆದರೆ ನನಗೂ ಕಳಿಸಿ, ಕೂತು ನೋಡೋಣ.